ಶಾಲೆಯ ಊಟದ ಪಂಕ್ತಿಯಲ್ಲಿ ಭೇದ ಬೇಡ

ಜೂನ್‌ನಿಂದ ಆಗಸ್ಟ್‌ವರೆಗೆ ಪುಣೆಯ ಕನ್ನಡ ಮತ್ತು ತುಳು ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ, ಪ್ರತಿಭಾ ಪುರಸ್ಕಾರ ಮುಂತಾದ ಸಮಾರಂಭಗಳು ಒಂದರ ಹಿಂದೆ ಒಂದು ನಡೆಯುತ್ತವೆ. ದಾನಿಗಳು ಉದಾರವಾಗಿ ಕೊಡುತ್ತಾರೆ, ಪದಾಧಿಕಾರಿಗಳು ಓಡಾಡಿ ಅರ್ಜಿ ತರಿಸುತ್ತಾರೆ, ಮಹಿಳಾ ವಿಭಾಗದವರು ಉಪಾಹಾರದ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಎಲ್ಲವೂ ಶ್ಲಾಘನೀಯ. ಆದರೆ ಈ ಸಂಘಗಳ ವಾರ್ಷಿಕ ಲೆಕ್ಕಪತ್ರವನ್ನು ಮುಂದಿಟ್ಟುಕೊಂಡು ಖರ್ಚಿನ ಬಾಬ್ತುಗಳನ್ನು ಓದುತ್ತ ಹೋದರೆ ಶುಲ್ಕ, ಪುಸ್ತಕ, ಸಮವಸ್ತ್ರ, ಪಾರಿತೋಷಕ, ಶಾಲು, ಹಾರ ಎಲ್ಲವೂ ಸಿಗುತ್ತವೆ. ವಿದ್ಯಾರ್ಥಿಯ ಮಧ್ಯಾಹ್ನದ ಊಟ ಎಂಬ ಬಾಬ್ತು ಮಾತ್ರ ಕಾಣಸಿಗುವುದು ಅಪರೂಪ.

ಕೇಳಿದರೆ ಸಿಗುವ ಉತ್ತರ ಒಂದೇ: "ಊಟ ಸರಕಾರವೇ ಕೊಡುತ್ತದಲ್ಲ, ಅದರ ಚಿಂತೆ ಯಾಕೆ?" ಈ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ಹೆಚ್ಚಿನವರು ವಿಚಾರಿಸಿಲ್ಲ.

ಮೊದಲು ನಿಜವಾದ ಅರ್ಧವನ್ನು ನೋಡುವ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಹಾರ ಕೊಡುವ ರಾಷ್ಟ್ರೀಯ ಯೋಜನೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಹೆಸರಿಗೆ ಊಟವಾದರೂ ಬಹುತೇಕ ರಾಜ್ಯಗಳು ತಿಂಗಳಿಗೆ 3 ಕಿಲೋ ಧಾನ್ಯವನ್ನು ಅಳೆದು ಚೀಲಕ್ಕೆ ಹಾಕಿ ಕಳಿಸುತ್ತಿದ್ದವು. ಅದು ಮನೆಗೆ ಹೋಗಿ ಎಲ್ಲರ ಹೊಟ್ಟೆಗೂ ಹಂಚಿ ಹೋಗುತ್ತಿತ್ತು. 2001ರ ಏಪ್ರಿಲ್‌ನಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯ ರಾಜಸ್ಥಾನದವರು ಸುಪ್ರೀಂ ಕೋರ್ಟಿಗೆ ಹೋದರು. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ, ಜನ ಹಸಿದಿದ್ದಾರೆ ಎಂಬುದು ಅವರ ದೂರು. ಅದೇ ವರ್ಷ ನವೆಂಬರ್ 28ರಂದು ನ್ಯಾಯಾಲಯ ಆದೇಶ ನೀಡಿತು. ಸರಕಾರಿ ಮತ್ತು ಸರಕಾರದ ನೆರವು ಪಡೆಯುವ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನು ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು. ಕರ್ನಾಟಕದ ಅಕ್ಷರ ದಾಸೋಹ, ಮಹಾರಾಷ್ಟ್ರದ ಶಾಲೆಗಳ ಖಿಚಡಿ ಇವೆಲ್ಲ ಆ ಆದೇಶದ ನಂತರ ಊರೂರಿಗೆ ತಲುಪಿದ ಬಿಸಿಯೂಟಗಳು. ಆಮೇಲೆ ಆರರಿಂದ ಎಂಟನೆಯ ತರಗತಿಯವರೂ ಸೇರಿದರು. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಈ ಊಟ ಮಗುವಿನ ಹಕ್ಕೆಂದೇ ದಾಖಲಾಯಿತು. 2015ರ ನಿಯಮಗಳ ಪ್ರಕಾರ ಯಾವುದೋ ಕಾರಣಕ್ಕೆ ಶಾಲೆಯಲ್ಲಿ ಒಂದು ದಿನ ಊಟ ತಪ್ಪಿದರೆ ಅದರ ಬದಲಿಗೆ ಧಾನ್ಯವನ್ನೂ ಅಡುಗೆ ವೆಚ್ಚವನ್ನೂ ಭತ್ಯೆಯಾಗಿ ಕೊಡಬೇಕು. 2021ರಿಂದ ಯೋಜನೆಗೆ ಪಿಎಂ ಪೋಷಣ್ ಎಂಬ ಹೆಸರು ಬಂತು.

ಹಾಗಾದರೆ ತೊಂದರೆ ಎಲ್ಲಿದೆ? ಆಹಾರ ಭದ್ರತಾ ಕಾಯಿದೆಯ ಐದನೆಯ ಕಲಮನ್ನು ಸಾವಧಾನವಾಗಿ ಓದಬೇಕು. ಊಟದ ಹಕ್ಕು ಇರುವುದು ಸ್ಥಳೀಯ ಸಂಸ್ಥೆಗಳ, ಸರಕಾರದ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ, ಅದೂ ಎಂಟನೆಯ ತರಗತಿಯವರೆಗೆ. ಅಂದರೆ ಊಟವನ್ನು ಮಗುವಿನ ಬಡತನ ನೋಡಿ ಕೊಟ್ಟದ್ದಲ್ಲ, ಶಾಲೆಯ ಬೋರ್ಡು ನೋಡಿ ಕೊಟ್ಟದ್ದು. ಪಾಲಿಕೆ ಶಾಲೆಯ ಗೋಡೆಯ ಈಚೆ ಕೂತ ಮಗುವಿಗೆ ಒಂದು ದಿನದ ತುತ್ತು ತಪ್ಪಿದರೂ ಲೆಕ್ಕ ಕೊಡಬೇಕು. ಗೋಡೆಯ ಆಚೆ ಅನುದಾನರಹಿತ ಶಾಲೆಯಲ್ಲಿ ಕೂತ ಅದೇ ಚಾಳಿನ, ಅದೇ ಓಣಿಯ ಮಗುವಿಗೆ ವರ್ಷವಿಡೀ ತಪ್ಪಿದರೂ ಯಾವ ಕಚೇರಿಯೂ ಕೇಳುವುದಿಲ್ಲ.

ಅನುದಾನರಹಿತ ಶಾಲೆಯಲ್ಲಿ ಬಡ ಮಕ್ಕಳೇ ಇಲ್ಲವೆಂದು ಹೇಳುವ ಕಾಲ 2010ಕ್ಕೇ ಮುಗಿಯಿತು. ಆ ವರ್ಷ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ದುರ್ಬಲ ವರ್ಗದವರಿಗೆ ಮೀಸಲಿಟ್ಟಿತು. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿ 9ರಂದು, ಒಂದು ಕಿಲೋಮೀಟರ್ ಒಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಬೇಡ ಎಂದು ಅಧಿಸೂಚನೆ ಹೊರಡಿಸಿತ್ತು. ಮುಂಬಯಿ ಹೈಕೋರ್ಟು ಮೇ ತಿಂಗಳಲ್ಲಿ ಅದಕ್ಕೆ ತಡೆ ಕೊಟ್ಟು, ಜುಲೈ 19ರಂದು ರದ್ದೇ ಮಾಡಿತು. ಹೀಗಾಗಿ ಪುಣೆಯ ವಾಚ್‌ಮನ್, ರಿಕ್ಷಾ ಚಾಲಕ, ಹೊಟೇಲು ಕಾರ್ಮಿಕ, ಕಲಬುರಗಿ-ಯಾದಗಿರಿ-ವಿಜಯಪುರದ ಕಡೆಯಿಂದ ಬಂದು ಗವಂಡಿ ಕೆಲಸ ಮಾಡುವವರ ಮಕ್ಕಳು ಇಂದು ದೊಡ್ಡ ಗೇಟಿನ ಶಾಲೆಗಳಲ್ಲೂ ಇದ್ದಾರೆ. ಆರ್ಥಿಕವಾಗಿ ದುರ್ಬಲ ಎಂಬ ಗುಂಪಿನಲ್ಲಿ ಸೀಟು ಸಿಗಬೇಕಾದರೆ ಮಹಾರಾಷ್ಟ್ರದಲ್ಲಿ ಮನೆಯ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ಮೀರಿರಬಾರದು. ತಿಂಗಳಿಗೆ ರೂ. 8,333. ಶಾಲೆಯ ಊಟದ ಶುಲ್ಕ ತಿಂಗಳಿಗೆ ಬರೀ ಒಂದು ಸಾವಿರ ಎಂದು ಹಿಡಿದರೂ ಆ ಮನೆಯ ಆದಾಯದ ಎಂಟನೆಯ ಒಂದು ಪಾಲು ಒಂದೇ ಮಗುವಿನ ಒಂದೇ ಹೊತ್ತಿನ ಊಟಕ್ಕೆ ಹೋಯಿತು.

ಕೆಲವು ಶಾಲೆಗಳಲ್ಲಿ ಮನೆಯ ಡಬ್ಬಿಗೆ ಅವಕಾಶವಿದೆ. ಕೆಲವು ಶಾಲೆಗಳಲ್ಲಿ ಎಲ್ಲರೂ ಒಂದೇ ಊಟ ಮಾಡಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಡಬ್ಬಿ ನಿಷೇಧಿಸಿ, ಗುತ್ತಿಗೆದಾರರಿಂದ ಊಟ ತರಿಸಿ ಶುಲ್ಕ ವಿಧಿಸುತ್ತಾರೆ. ಸೀಟು ಉಚಿತ, ಊಟ ಉಚಿತವಲ್ಲ. ಹನ್ನೆರಡೂವರೆಯ ಗಂಟೆ ಹೊಡೆಯುತ್ತದೆ. ಹಣ ಕಟ್ಟಿದವರ ಪಟ್ಟಿ ಒಂದು ಕಡೆ, ಕಟ್ಟದವರ ಪಟ್ಟಿ ಇನ್ನೊಂದು ಕಡೆ. ಏಳು ವರ್ಷದ ಮಗುವಿಗೆ ಪಟ್ಟಿ ಎಂದರೇನೆಂದು ಗೊತ್ತಿಲ್ಲ, ಆದರೆ ತನ್ನ ಹೆಸರು ಯಾವ ಕಡೆ ಇದೆ ಎಂಬುದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಅದು ನಳ್ಳಿಯ ಹತ್ತಿರ ನೀರು ಕುಡಿಯುತ್ತ ಹೊತ್ತು ಕಳೆಯಲು, ಇಲ್ಲವೇ ಹೊಟ್ಟೆನೋವೆಂದು ಹೇಳಲು ಕಲಿಯುತ್ತದೆ. ಹೊಟ್ಟೆನೋವೆಂದು ಪದೇ ಪದೇ ಹೇಳುವ ಮಕ್ಕಳ ಬಗ್ಗೆ ತರಗತಿಯ ಶಿಕ್ಷಕಿಗೆ ಹೆಚ್ಚಾಗಿ ನಿಜ ಗೊತ್ತಿರುತ್ತದೆ. ಅನೇಕರು ತಮ್ಮ ಡಬ್ಬಿಯಿಂದಲೇ ಎರಡು ಚಪಾತಿ ತೆಗೆದು ಕೊಡುತ್ತಾರೆ. ಆ ಎರಡು ಚಪಾತಿಯ ಲೆಕ್ಕ ಯಾವ ಸಂಸ್ಥೆಯ ವರದಿಯಲ್ಲೂ ಬರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಹಳೆಯ ಪದವೊಂದಿದೆ: ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆ ಬಡಿಸಬಾರದೆಂದು ಅಜ್ಜಿಯಂದಿರು ಹೇಳುತ್ತಿದ್ದರು. (ಸಾಲಿನಲ್ಲಿ ಯಾರು ಕೂರಬಹುದು ಎಂಬುದನ್ನು ಜಾತಿ ನೋಡಿ ಅದೇ ಕಾಲ ನಿರ್ಧರಿಸುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ. ಅದರ ವಿರುದ್ಧ ಎಷ್ಟೋ ಮಂದಿ ಹೋರಾಡಬೇಕಾಯಿತು.) ಆ ಹೋರಾಟದ ಫಲ ಉಣ್ಣುತ್ತಿರುವ ಸಮಾಜವೇ ಈಗ ರಸೀದಿ ನೋಡಿ ಪಂಕ್ತಿ ಬೇರ್ಪಡಿಸಿದರೆ ಅದನ್ನು ಶಿಸ್ತು ಎನ್ನಲಾಗದು.

ಕಾನೂನು ಏನೂ ಹೇಳುವುದಿಲ್ಲವೇ? ಹೇಳಿಯೂ ಹೇಳದಂತಿದೆ. ಕೇಂದ್ರ ಸರಕಾರ 2010ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ನಿಯಮಗಳಲ್ಲಿ, 25 ಶೇಕಡಾದಲ್ಲಿ ಬಂದ ಮಗುವನ್ನು ತರಗತಿಯಲ್ಲಿ ಬೇರೆ ಕೂರಿಸಬಾರದು, ಪಠ್ಯಪುಸ್ತಕ, ಸಮವಸ್ತ್ರ, ಗ್ರಂಥಾಲಯ, ಕಂಪ್ಯೂಟರ್ ಸೌಲಭ್ಯ, ಪಠ್ಯೇತರ ಚಟುವಟಿಕೆ, ಆಟೋಟ ಮುಂತಾದ ವಿಷಯಗಳಲ್ಲಿ ಭೇದ ಮಾಡಬಾರದು ಎಂದಿದೆ. ಗ್ರಂಥಾಲಯ ನೆನಪಾಯಿತು, ಕಂಪ್ಯೂಟರ್ ನೆನಪಾಯಿತು, ಆಟದ ಮೈದಾನ ನೆನಪಾಯಿತು. ಊಟ ನೆನಪಾಗಲಿಲ್ಲ. "ಮುಂತಾದ" ಎಂಬ ಪದದೊಳಗೆ ಅನ್ನದ ತಟ್ಟೆಯೂ ಸೇರುತ್ತದೆಂದು ವಾದಿಸಬಹುದು. ಆದರೆ ಒಂದು ಪದವನ್ನು ಹಿಡಿದು ಕೋರ್ಟಿಗೆ ಹೋಗುವ ಶಕ್ತಿ ತಿಂಗಳಿಗೆ ಎಂಟು ಸಾವಿರದ ಮನೆಗೆ ಎಲ್ಲಿಂದ ಬರಬೇಕು?

ಸಂಘಗಳ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಅಲ್ಪಸಂಖ್ಯಾತ ಮಾನ್ಯತೆ ಪಡೆದ ಅನುದಾನರಹಿತ ಶಾಲೆಗಳಿಗೆ 25 ಶೇಕಡಾ ಮೀಸಲಾತಿ ಅನ್ವಯಿಸದು ಎಂದು 2012ರ ತೀರ್ಪಿನಲ್ಲೇ ಇದೆ. 2014ರ ಮೇ 6ರ ಪ್ರಮತಿ ಟ್ರಸ್ಟ್ ಪ್ರಕರಣದ ತೀರ್ಪು ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ ಇಡೀ ಕಾಯಿದೆಯಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ನೋಡಲಿ ಎಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟಿತು. ಅದು ಏನೇ ಆಗಲಿ, ಅಲ್ಪಸಂಖ್ಯಾತ ಮಾನ್ಯತೆಯಿಂದ ನಡೆಯುವ ಶಾಲೆಯ ಆಡಳಿತ ಮಂಡಳಿಗೆ ಇದರಲ್ಲಿ ಕಾನೂನಿನ ಬಲವಂತವಿಲ್ಲ. ಬಡ ಮಗುವನ್ನು ಸೇರಿಸಿಕೊಳ್ಳುವುದೂ ಅದಕ್ಕೆ ಉಣಿಸುವುದೂ ಪೂರ್ತಿ ತಮ್ಮ ಮನಸ್ಸಿಗೆ ಬಿಟ್ಟ ವಿಷಯ. ಹಾಗಿರುವಾಗ ಅಲ್ಪಸಂಖ್ಯಾತರೆಂಬ ವಿನಾಯಿತಿಯನ್ನು ಪಡೆದ ಮೇಲೆ ಆ ಅಲ್ಪಸಂಖ್ಯಾತರಲ್ಲೇ ತೀರಾ ಕೆಳಗಿರುವವರ ಮಕ್ಕಳ ಕಡೆ ನೋಡುವ ಹೊಣೆಯೂ ಬರುತ್ತದೆ.

ಇನ್ನು ಒಂಬತ್ತನೆಯ ತರಗತಿಯ ಕತೆ. ಇದು ಅನುದಾನಿತ ಶಾಲೆಗಳಲ್ಲೂ ಇರುವ ತೊಡಕು. ಕರ್ನಾಟಕ ಸರಕಾರ 2007-08ರಿಂದ ತನ್ನದೇ ಹಣದಲ್ಲಿ ಪ್ರೌಢಶಾಲೆಯ ಒಂಬತ್ತು, ಹತ್ತನೆಯ ತರಗತಿಯವರಿಗೂ ಬಿಸಿಯೂಟ ವಿಸ್ತರಿಸಿತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು, ಈಚಿನ ವರ್ಷಗಳಲ್ಲಿ ಮೊಟ್ಟೆ, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ ಬಂತು. ಮಹಾರಾಷ್ಟ್ರದ ಶಾಲೆಗಳಲ್ಲಿ ಕೇಂದ್ರದ ಗೆರೆಯಂತೆ ಎಂಟಕ್ಕೇ ಊಟ ನಿಲ್ಲುತ್ತದೆ. ಇಲ್ಲಿ 2023ರ ನವೆಂಬರ್‌ನಲ್ಲಿ ಮೊಟ್ಟೆ ಕೊಡಲು ನಿರ್ಧರಿಸಿದ ಸರಕಾರ, 2025ರ ಜನವರಿಯಲ್ಲಿ ಮೊಟ್ಟೆಗೂ ಸಿಹಿತಿನಿಸಿನ ಸಕ್ಕರೆಗೂ ಹಣ ಕೊಡುವುದನ್ನು ನಿಲ್ಲಿಸಿ, ಬೇಕಾದರೆ ಶಾಲೆಗಳು ಸಾರ್ವಜನಿಕರಿಂದ ಸಂಗ್ರಹಿಸಲಿ ಎಂದಿತು.

ಕಲಬುರಗಿ ಜಿಲ್ಲೆಯ ಸರಕಾರಿ ಶಾಲೆಯಲ್ಲಿ ಎಂಟು ಮುಗಿಸಿದ ಹುಡುಗಿಯೊಬ್ಬಳು ಅಪ್ಪ-ಅವ್ವನ ಜೊತೆ ಪುಣೆಗೆ ಬಂದು ಒಂಬತ್ತಕ್ಕೆ ಸೇರಿದಳೆಂದು ಇಟ್ಟುಕೊಳ್ಳಿ. ಊರಲ್ಲಿದ್ದರೆ ಒಂಬತ್ತರಲ್ಲೂ ಅನ್ನ, ಸಾಂಬಾರು, ಹಾಲು, ಮೊಟ್ಟೆ. ಇಲ್ಲಿ ಏನೂ ಇಲ್ಲ. ದುಡಿಯಲು ಊರು ಬಿಟ್ಟು ಬಂದದ್ದಕ್ಕೆ ಅಪ್ಪ-ಅವ್ವನ ಕೂಲಿ ನಾಲ್ಕು ಕಾಸು ಹೆಚ್ಚಿತು, ಮಗಳ ಮಧ್ಯಾಹ್ನದ ಊಟ ಹೋಯಿತು. ಹದಿನಾಲ್ಕು ವರ್ಷದ ಹುಡುಗಿಯ ಹಸಿವು ಎಂಟನೆಯ ತರಗತಿಯ ಫಲಿತಾಂಶದೊಂದಿಗೆ ಮುಗಿಯುತ್ತದೆಯೇ? ಆ ವಯಸ್ಸಿಗೆ ಹಸಿವು ಹೆಚ್ಚು. ಜೊತೆಗೆ ನಾಚಿಕೆಯೂ ಹೆಚ್ಚು, ಕೇಳಲಾರಳು. ಎರಡು ಮನೆಯ ಬಟ್ಟೆ-ಪಾತ್ರೆಗೆ ಹೋದರೆ ಒಂದು ಹೊತ್ತಿನ ಊಟವೂ ಸಿಗುತ್ತದೆ, ದುಡ್ಡೂ ಸಿಗುತ್ತದೆ ಎಂಬ ಲೆಕ್ಕ ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಶಾಲೆ ನಡೆಸುವವರ ಮಾತನ್ನೂ ಕೇಳಬೇಕು, ಅದರಲ್ಲಿ ಸತ್ಯವಿಲ್ಲದಿಲ್ಲ. ಊಟದ ಗುತ್ತಿಗೆದಾರ ತಟ್ಟೆ ಲೆಕ್ಕದಲ್ಲಿ ಬಿಲ್ಲು ಕೊಡುತ್ತಾನೆ. ಮಹಾರಾಷ್ಟ್ರ ಸರಕಾರ 25 ಶೇಕಡಾದ ಒಂದೊಂದು ಮಗುವಿಗೆ ವರ್ಷಕ್ಕೆ ರೂ. 17,670ರವರೆಗೆ ಮರುಪಾವತಿ ಎಂದು ನಿಗದಿ ಮಾಡಿದ್ದರೂ ಆ ಹಣ ಸಮಯಕ್ಕೆ ಬರುವುದಿಲ್ಲವೆಂಬುದು ಶಾಲೆಗಳ ಬಹುಕಾಲದ ದೂರು. ಬಂದರೂ ಅದರಲ್ಲಿ ಊಟವಿಲ್ಲ. "ಇಂದು ಒಬ್ಬರಿಗೆ ಬಿಟ್ಟರೆ ನಾಳೆ ಐವತ್ತು ಜನ ಕಟ್ಟುವುದನ್ನು ನಿಲ್ಲಿಸುತ್ತಾರೆ" ಎಂದು ಅವರು ಹೇಳುವುದು ಅನುಭವದ ಮಾತು. ಕಾರಿನಲ್ಲಿ ಮಗುವನ್ನು ಬಿಟ್ಟುಹೋಗಿ ಎರಡು ಅವಧಿಯ ಶುಲ್ಕ ಬಾಕಿ ಇಡುವ ಪಾಲಕರು ಇಲ್ಲವೇ? ಧಾರಾಳವಾಗಿ ಇದ್ದಾರೆ, ಅವರಲ್ಲಿ ಸಂಘಗಳ ವೇದಿಕೆಯ ಮೇಲೆ ಕೂರುವವರೂ ಇರಬಹುದು. ಅಂಥವರಿಂದ ವಸೂಲಿ ಮಾಡಲೇಬೇಕು.

ಆದರೆ ವಸೂಲಿ ಯಾರಿಂದ? ಬ್ಯಾಂಕಿನಲ್ಲಿ ಸಾಲದ ಕಂತು ತಪ್ಪಿದರೆ ನೋಟಿಸು ಸಾಲಗಾರನಿಗೆ ಹೋಗುತ್ತದೆ, ಜಾಮೀನುದಾರನಿಗೆ ಹೋಗುತ್ತದೆ, ಮುಂದೆ ಬೇಕಾದರೆ ವಕೀಲರ ಮೂಲಕ ಹೋಗುತ್ತದೆ. ಸಾಲಗಾರನ ಮಗನನ್ನು ಕೌಂಟರಿನ ಮುಂದೆ ಕರೆದು ನಿಲ್ಲಿಸುವ ಪದ್ಧತಿ ಎಷ್ಟು ಕಠಿಣ ಮ್ಯಾನೇಜರರ ಶಾಖೆಯಲ್ಲೂ ಇಲ್ಲ. ಬಾಕಿ ಇರುವುದು ದೊಡ್ಡವರ ಖಾತೆಯಲ್ಲಿ. ಮಗುವಿನ ತಟ್ಟೆ ಅದಕ್ಕೆ ಅಡಮಾನವಲ್ಲ.

"ಅಷ್ಟು ಕಷ್ಟವಿದ್ದರೆ ಪಾಲಿಕೆ ಶಾಲೆಗೆ ಕಳಿಸಲಿ, ಅಲ್ಲಿ ಊಟ ಇದೆಯಲ್ಲ" ಎನ್ನುವವರೂ ಉಂಟು. ಪಾಲಿಕೆ ಶಾಲೆ ಕೀಳೇನಲ್ಲ, ಅಲ್ಲಿ ಕಲಿತು ದೊಡ್ಡವರಾದವರು ಪುಣೆಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಲಾಟರಿಯಲ್ಲಿ ಹೆಸರು ಬಂದು, ಕಾಯಿದೆಯೇ ಕೊಟ್ಟ ಸೀಟಿನಲ್ಲಿ ಕೂತ ಮಗುವಿಗೆ "ಊಟ ಬೇಕಾದರೆ ಎದ್ದು ಹೋಗು" ಎನ್ನುವುದು, ಕೊಟ್ಟ ಕೈಯಿಂದಲೇ ಕಿತ್ತುಕೊಂಡಂತೆ. ಡಬ್ಬಿ ಕಟ್ಟಿ ಕಳಿಸಲಿ ಎಂಬ ಸಲಹೆ ಡಬ್ಬಿಗೆ ಅವಕಾಶವಿರುವಲ್ಲಿ ಸರಿಯೇ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ನಾಲ್ಕು ಮನೆಯ ಕೆಲಸ ಮುಗಿಸಿ ಬರುವ ತಾಯಿ ಕೆಲವು ದಿನ ಕಟ್ಟಿಯಾಳು, ಕೆಲವು ದಿನ ಆಗದು. ಆಗದ ಆ ದಿನಗಳ ಮಾತೇ ಇಲ್ಲಿರುವುದು.

ಸಿರಿವಂತ ದೇಶದಲ್ಲಿ ಹೀಗಾಗದು ಎಂದು ತಿಳಿಯಬೇಕಾಗಿಲ್ಲ. ಪುಣೆಯ ಎಷ್ಟೋ ಕನ್ನಡಿಗರ ಮೊಮ್ಮಕ್ಕಳು ಕಲಿಯುತ್ತಿರುವ ಅಮೆರಿಕದಲ್ಲಿ ಶಾಲೆಯ ಊಟದ ಬಾಕಿ ದೊಡ್ಡ ಜಗಳದ ವಿಷಯ. 2014ರ ಜನವರಿಯಲ್ಲಿ ಸಾಲ್ಟ್ ಲೇಕ್ ಸಿಟಿಯ ಯುಯಿಂಟಾ ಪ್ರಾಥಮಿಕ ಶಾಲೆಯಲ್ಲಿ ಖಾತೆಯಲ್ಲಿ ಹಣವಿಲ್ಲವೆಂದು ಸುಮಾರು 40 ಮಕ್ಕಳ ಕೈಯಿಂದ ಬಡಿಸಿದ ಊಟವನ್ನು ಹಿಂದಕ್ಕೆ ಪಡೆದು ಕಸದ ಡಬ್ಬಿಗೆ ಹಾಕಿದರು. ಒಬ್ಬರಿಗೆ ಬಡಿಸಿದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಹಾಗಾಗಿ ಹಣವೂ ಉಳಿಯಲಿಲ್ಲ, ಊಟವೂ ಉಳಿಯಲಿಲ್ಲ. 2017ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ಇಂಥ ಅವಮಾನವನ್ನು ನಿಷೇಧಿಸುವ ಕಾನೂನು ತಂದಿತು. ಅದನ್ನು ಮಂಡಿಸಿದ ಸೆನೆಟರ್ ಮೈಕೆಲ್ ಪಡಿಲ್ಲಾ ಬಾಲ್ಯದಲ್ಲಿ ಊಟಕ್ಕಾಗಿ ಶಾಲೆಯ ಊಟದ ಕೋಣೆಯ ನೆಲ ಒರೆಸಿದವರು. ಬಾಕಿಯ ಬಗ್ಗೆ ಪಾಲಕರೊಡನೆ ಮಾತಾಡಿ, ಮಗುವಿನೊಡನೆ ಬೇಡ ಎಂಬುದೇ ಆ ಕಾನೂನಿನ ತಿರುಳು.

ಈ ವಿಷಯ ಪುಣೆ-ಮುಂಬಯಿಯ ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾದದ್ದಲ್ಲ. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರು ಉಡುಪಿ ಹೊಟೇಲುಗಳಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಪ್ರೌಢಶಾಲೆಯಂಥ ಕಡೆ ಕಲಿತದ್ದು, ಆಮೇಲೆ ಸಂಜೆ ಕಾಲೇಜಿಗೆ ಹೋಗಿ ಪದವಿ ಪಡೆದು ಬ್ಯಾಂಕು, ವಿಮಾ ಕಚೇರಿ ಸೇರಿದ್ದು ಎಲ್ಲರಿಗೂ ತಿಳಿದ ಚರಿತ್ರೆ. ಆ ಚರಿತ್ರೆಯನ್ನು ಹೇಳುವಾಗ ರಾತ್ರಿ ಶಾಲೆಯ ದೀಪವನ್ನು ಎಲ್ಲರೂ ನೆನೆಯುತ್ತಾರೆ. ಹೊಟೇಲಿನ ಎರಡು ಹೊತ್ತಿನ ಊಟವನ್ನು ನೆನೆಯುವವರು ಕಡಿಮೆ. ಸಂಬಳ ಅಷ್ಟಿಷ್ಟೇ ಇದ್ದರೂ ಹೊಟ್ಟೆಗೆ ಲೆಕ್ಕವಿರಲಿಲ್ಲ. ಹೊಟ್ಟೆ ತುಂಬಿದ್ದರಿಂದಲೇ ರಾತ್ರಿ ಹತ್ತರವರೆಗೆ ಪುಸ್ತಕದ ಮೇಲೆ ಕಣ್ಣು ನಿಂತದ್ದು.

ಪುಣೆ ನಗರವೂ ಇದನ್ನು ಬಲ್ಲದು. ಬಡ ವಿದ್ಯಾರ್ಥಿಗಳು ವಾರಾನ್ನ ಹಚ್ಚಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಕಲಿತ ಊರು ಇದು. 1909ರಲ್ಲಿ ಶುರುವಾದ ಇಲ್ಲಿಯ ಅನಾಥ ವಿದ್ಯಾರ್ಥಿ ಗೃಹದ ಹುಡುಗರು ಮಾಧುಕರಿ ಬೇಡಿ ಓದಿದರು. ಪಕ್ಕದ ಸಾತಾರೆಯಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು ಎಲ್ಲ ಜಾತಿಯ ಹುಡುಗರನ್ನು ಒಂದೇ ವಸತಿಗೃಹದಲ್ಲಿಟ್ಟು ಒಂದೇ ಪಂಕ್ತಿಯಲ್ಲಿ ಉಣಿಸಿದರು. ಅವರ ಮನೆತನದ ಮೂಲ ದಕ್ಷಿಣ ಕನ್ನಡದ ಮೂಡಬಿದ್ರೆ ಎನ್ನುತ್ತಾರೆ. ಕೋಣೆಯಲ್ಲಿ ದವಸ ತೀರಿದಾಗ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. ರಯತ ಶಿಕ್ಷಣ ಸಂಸ್ಥೆಯ ಇಂದಿನ ನೂರಾರು ಶಾಲೆಗಳ ಕೆಳಗೆ ಆ ಮಂಗಳಸೂತ್ರ ಇದೆ. ವಾರಾನ್ನದಲ್ಲೂ ಮುಜುಗರವಿತ್ತು, ಇಲ್ಲವೆನ್ನಲಾಗದು. ಕೆಲವು ಮನೆಗಳಲ್ಲಿ ಹುಡುಗನಿಗೆ ಹಿತ್ತಿಲಲ್ಲೇ ಎಲೆ ಹಾಕುತ್ತಿದ್ದರು.

ಹಾಗೆಂದು ದಾನವೊಂದನ್ನೇ ನಂಬಿ ಕೂರುವುದೂ ಅಪಾಯ. 2017ರ ಆಗಸ್ಟ್‌ನಲ್ಲಿ ಕರ್ನಾಟಕ ಸರಕಾರವು ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದಿಂದ ಕಲ್ಲಡ್ಕದ ಶ್ರೀರಾಮ ವಿದ್ಯಾಕೇಂದ್ರಕ್ಕೂ ಪುಣಚದ ಶ್ರೀದೇವಿ ವಿದ್ಯಾಕೇಂದ್ರಕ್ಕೂ ಹೋಗುತ್ತಿದ್ದ ನೆರವನ್ನು ನಿಲ್ಲಿಸಿದಾಗ ಕರಾವಳಿಯಲ್ಲಿ ಎಷ್ಟು ಗದ್ದಲವಾಯಿತೆಂಬುದು ಇಲ್ಲಿಯ ಓದುಗರಿಗೆ ನೆನಪಿರಬಹುದು. ಅಕ್ಷರ ದಾಸೋಹಕ್ಕೆ ಅರ್ಜಿ ಹಾಕಲಿ ಎಂದು ಒಂದು ಪಕ್ಷ, ಮಕ್ಕಳ ಅನ್ನ ಕಸಿದರು ಎಂದು ಇನ್ನೊಂದು ಪಕ್ಷ. ಯಾರದು ಸರಿ ಎಂಬ ಚರ್ಚೆ ಬೇರೆ. ದೊಡ್ಡವರ ಜಗಳ ನಡೆದಾಗ ನಡುವೆ ಸಿಕ್ಕಿದ್ದು ಮಕ್ಕಳ ಊಟ. ಕೊಡುವವನ ಮರ್ಜಿಯ ಮೇಲೆ ನಿಂತ ಊಟ ಅವನ ಮರ್ಜಿ ಬದಲಾದಾಗ ನಿಲ್ಲುತ್ತದೆ. ಆದ್ದರಿಂದ ಒಬ್ಬ ದಾನಿಯ ಹೆಸರಿನ ಯೋಜನೆಗಿಂತ ನೂರು ಸದಸ್ಯರ ಸಣ್ಣ ಸಣ್ಣ ವಂತಿಗೆಯ ನಿಧಿಯೇ ಮೇಲು.

ಅಂಥ ನಿಧಿಗೆ ಎಷ್ಟು ಬೇಕು? ಸರಕಾರ 2025ರ ಮೇ 1ರಿಂದ ನಿಗದಿ ಮಾಡಿದ ಅಡುಗೆ ಸಾಮಗ್ರಿಯ ವೆಚ್ಚ ಪ್ರಾಥಮಿಕದ ಒಂದು ಮಗುವಿಗೆ ದಿನಕ್ಕೆ ರೂ. 6.78, ಹಿರಿಯ ಪ್ರಾಥಮಿಕಕ್ಕೆ ರೂ. 10.17. ಧಾನ್ಯದ ಬೆಲೆ, ಅಡುಗೆಯವರ ಗೌರವಧನ ಅದರಲ್ಲಿಲ್ಲ. ಆ ದರದಲ್ಲಿ ಹೊರಗೆ ಚಹಾ ಕೂಡ ಸಿಗದು, ಆ ಮಾತು ಇರಲಿ. ಖಾಸಗಿ ಶಾಲೆಯ ತಟ್ಟೆಗೆ ರೂ. 40 ಎಂದು ಧಾರಾಳವಾಗಿ ಹಿಡಿಯೋಣ. 200 ದಿನಕ್ಕೆ ರೂ. 8,000. ಒಂದು ಸಂಘ 25 ಮಕ್ಕಳನ್ನು ನೋಡಿಕೊಂಡರೆ ವರ್ಷಕ್ಕೆ ಎರಡು ಲಕ್ಷ. ವಾರ್ಷಿಕೋತ್ಸವಕ್ಕೆ 800 ಮಂದಿ ಸೇರಿ, ತಟ್ಟೆಗೆ ರೂ. 250ರಂತೆ ರಾತ್ರಿ ಊಟ ಹಾಕಿಸಿದರೆ ಅದಕ್ಕೂ ಎರಡೇ ಲಕ್ಷ. ಸಂಘದ ಊಟ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ. ಊರವರೆಲ್ಲ ಸೇರಿ ಕುಳಿತು ಉಣ್ಣುವ ಸಂತೋಷ ಪರಊರಿನಲ್ಲಿ ಬೇಕೇ ಬೇಕು. ಎರಡು ಸಿಹಿಯ ಬದಲು ಒಂದು, ಬಫೆಯಲ್ಲಿ ಮೂರು ಪಲ್ಯದ ಬದಲು ಎರಡು ಮಾಡಿದರೆ ಅತಿಥಿಗಳಿಗೇನೂ ಕಡಿಮೆಯಾಗದು. ಹೊಟ್ಟೆಗೆ ಹಿಟ್ಟಿಲ್ಲದ ಮಗುವಿನ ಜುಟ್ಟಿಗೆ ಮಲ್ಲಿಗೆ ಮುಡಿಸುವ ಪುರಸ್ಕಾರಗಳ ಸಂಖ್ಯೆಯನ್ನೂ ಸ್ವಲ್ಪ ನೋಡಬಹುದು.

ಹಣಕ್ಕಿಂತ ಕಷ್ಟದ ವಿಷಯ ಕೊಡುವ ರೀತಿ. ಇಲ್ಲಿ ಇಂಥ ಪುಟಗಳನ್ನೇ ಸ್ವಲ್ಪ ಟೀಕಿಸಬೇಕಾಗುತ್ತದೆ. ವಿದ್ಯಾರ್ಥಿ ವೇತನ ವಿತರಣೆಯ ಚಿತ್ರಗಳಲ್ಲಿ ಐದಾರು ಗಣ್ಯರ ನಡುವೆ ಲಕೋಟೆ ಹಿಡಿದು ನಿಂತ ಮಗುವಿನ ಮುಖವನ್ನು ಓದುಗರು ನೋಡಿರುತ್ತಾರೆ. ಆ ಚಿತ್ರ ಮರುದಿನ ಶಾಲೆಯಲ್ಲೂ ಯಾರೋ ನೋಡುತ್ತಾರೆ. ಪುಸ್ತಕ, ಶುಲ್ಕದ ನೆರವಿಗೆ ಅದನ್ನು ಹೇಗೋ ಸಹಿಸಬಹುದು. ಊಟದ ನೆರವಿಗೆ ಚಿತ್ರ ಬೇಡವೇ ಬೇಡ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ಸಾಲಿನಲ್ಲಿ ಕೂತವರ ಹೆಸರು ಯಾರು ಕೇಳುತ್ತಾರೆ?

ಕೆಲಸ ಸರಳವಾಗಿಯೇ ಆಗಬಹುದು. ಸಂಘವು ಶಾಲೆಯ ಹೆಸರಿಗೆ ಚೆಕ್ಕು ಕೊಡಲಿ, ಶಾಲೆ ಅದನ್ನು ಊಟದ ನಿಧಿ ಎಂದು ಪ್ರತ್ಯೇಕ ಖಾತೆಯಲ್ಲಿಡಲಿ. ಯಾವ ಮಗುವಿನ ಹಣ ಬಾಕಿ ಇದೆ ಎಂಬುದು ಮುಖ್ಯಾಧ್ಯಾಪಕರಿಗೂ ತರಗತಿ ಶಿಕ್ಷಕಿಗೂ ಬಿಟ್ಟು ಇನ್ನಾರಿಗೂ, ಸಂಘದ ಅಧ್ಯಕ್ಷರಿಗೂ ತಿಳಿಯಬೇಕಾಗಿಲ್ಲ. ಎಷ್ಟು ತಟ್ಟೆ, ಎಷ್ಟು ದಿನ, ಎಷ್ಟು ಹಣ ಎಂಬ ಮೂರು ಅಂಕಿಗಳು ವರ್ಷದ ಕೊನೆಗೆ ಬಂದರೆ ಲೆಕ್ಕಪರಿಶೋಧಕರಿಗೆ ಸಾಕು. ಕೊಡಬಲ್ಲ ಪಾಲಕರ ಬಾಕಿಯನ್ನು ಶಾಲೆಯ ಕಚೇರಿ ತನ್ನ ದಾರಿಯಲ್ಲಿ ವಸೂಲಿ ಮಾಡಿ ಅದೇ ಖಾತೆಗೆ ತುಂಬಲಿ. ಅನುದಾನಿತ ಶಾಲೆಗಳಲ್ಲಿ ಒಂಬತ್ತು-ಹತ್ತನೆಯ ತರಗತಿಯವರಿಗೆ ಇದೇ ರೀತಿ ಮಾಡಬಹುದು. ಎಂಟರವರೆಗಿನ ಮಕ್ಕಳ ಅಡುಗೆಗೆ ಹೇಗೂ ಒಲೆ ಉರಿಯುತ್ತಿರುತ್ತದೆ. ಕರ್ನಾಟಕದಂತೆ ಹತ್ತರವರೆಗೆ ಊಟ ವಿಸ್ತರಿಸಿ ಎಂದು ಮಹಾರಾಷ್ಟ್ರ ಸರಕಾರಕ್ಕೆ ಎಲ್ಲ ಸಂಘಗಳು ಸೇರಿ ಮನವಿ ಕೊಡುವುದೂ ಆಗಲಿ. ಚುನಾವಣೆ ಬಂದಾಗ ಶಾಸಕರನ್ನು, ನಗರಸೇವಕರನ್ನು ವೇದಿಕೆಗೆ ಕರೆಯುವ ಸಂಘಗಳಿಗೆ ಆ ಮನವಿಯನ್ನು ಕೈಗೆ ಕೊಡಲು ಬೇರೆ ಅವಕಾಶ ಹುಡುಕಬೇಕಾಗಿಲ್ಲ.

ಒಂದೇ ಒಂದು ಅಡಚಣೆ ವೇಳೆಯದು. ಮಹಾರಾಷ್ಟ್ರದ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಸಂಘಗಳಲ್ಲಿ ಅರ್ಜಿ ಕರೆದು, ಉಪಸಮಿತಿ ಕೂತು, ಸಭಾಗೃಹ ಸಿಕ್ಕಿ, ಮುಖ್ಯ ಅತಿಥಿಗಳ ದಿನಾಂಕ ಹೊಂದಿ ಹಣ ಕೈಸೇರುವಾಗ ಎಷ್ಟೋ ಸಲ ಆಗಸ್ಟ್ ದಾಟುತ್ತದೆ. ಊಟದ ಚೆಕ್ಕಿಗೆ ಮುಖ್ಯ ಅತಿಥಿಗಳು ಬೇಕಾಗಿಲ್ಲ. ಏಪ್ರಿಲ್ ಅಥವಾ ಮೇ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಒಂದು ಠರಾವು ಪಾಸಾದರೆ, ಶಾಲೆ ತೆರೆದ ಮೊದಲ ದಿನ ಹನ್ನೆರಡೂವರೆಯ ಗಂಟೆ ಹೊಡೆಯುವ ಮುಂಚೆಯೇ ಹಣ ಅಲ್ಲಿ ಜಮೆಯಾಗಿರುತ್ತದೆ.